ಹವಳದ ಕಳೆ ಕಿತ್ತ ವರ್ಷಗಳು

ಹವಳ ಎಂದರೆ ನನಗೆ ಅದುವರೆಗೆ ಗೊತ್ತಿದ್ದದ್ದು ನನ್ನ ಕರಿಮಣಿ ಸರದಲ್ಲಿದ್ದ ಎರಡು ಕೆಂಪು ಮಣಿಗಳು ಮಾತ್ರ. ಅದಕ್ಕೆ ಜೀವ ಇದೆ, ಬಾಯಿ ಇದೆ, ಹಸಿವಾಗುತ್ತದೆ, ಅದನ್ನು ತಿನ್ನುವ ಹುಳವೂ ಇದೆ ಎಂದು ಹೇಳಿದವರು ನನ್ನ ಗಂಡ. ಹೇಳಿದ್ದು ಅವರು. ಹುಳ ಹೆಕ್ಕಿದವಳು ನಾನು.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಮಣಿಪಾಲದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ರಕ್ತ, ಕಫ, ಮೂತ್ರ ಇವುಗಳ ಪರೀಕ್ಷೆ. ಬೆಳಿಗ್ಗೆಯಿಂದ ಸೂಕ್ಷ್ಮದರ್ಶಕಕ್ಕೆ ಕಣ್ಣು ಕೊಟ್ಟು ಕೂತರೆ ಸಂಜೆ ಹೊತ್ತಿಗೆ ರಸ್ತೆಯ ದೀಪಗಳ ಸುತ್ತಲೂ ಬಳೆ ಕಾಣುತ್ತಿತ್ತು. ಗಂಡ ಬಹರೈನಿನಲ್ಲಿ ಒಂದು ದೊಡ್ಡ ಹೋಟೆಲಿನ ಇಲೆಕ್ಟ್ರಿಶಿಯನ್. ಮದುವೆಯಾಗಿ ಆರೇಳು ವರ್ಷವಾಗಿದ್ದರೂ ನಾವು ಒಟ್ಟಿಗೆ ಇದ್ದದ್ದು ರಜೆಯಲ್ಲಿ ಮಾತ್ರ. ರಜೆಗೆ ಬಂದವರು ನೆಂಟರ ಮನೆಗಳನ್ನು ಸುತ್ತಿ ಮುಗಿಸುವಷ್ಟರಲ್ಲಿ ಹೊರಡುವ ದಿನ ಬರುತ್ತಿತ್ತು. ಅವರಿಗೆ ಸಾರಿಗೆ ಹುಳಿ ಹೆಚ್ಚು ಬೇಕೋ ಕಡಿಮೆ ಬೇಕೋ ಎಂಬುದು ಕೂಡ ನನಗೆ ಸರಿಯಾಗಿ ಗೊತ್ತಿರಲಿಲ್ಲ.

ಒಂದು ದಿನ ಅವರು ಏಣಿಯಿಂದ ಬಿದ್ದರು. ಬೆನ್ನುಮೂಳೆಗೆ ಪೆಟ್ಟು. ಅಲ್ಲಿಯ ಆಸ್ಪತ್ರೆಯಲ್ಲಿ ಮಲಗಿಸಿ, ಸ್ವಲ್ಪ ನಡೆಯುವ ಹಾಗಾದ ಮೇಲೆ ಊರಿಗೆ ಕಳುಹಿಸಿದರು. ಬಂದದ್ದು ಸೊಂಟಕ್ಕೆ ದಪ್ಪ ಬೆಲ್ಟ್ ಕಟ್ಟಿಕೊಂಡು. ಬಾಗಬಾರದು, ಭಾರ ಎತ್ತಬಾರದು, ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂರಬಾರದು ಎಂದು ಡಾಕ್ಟರು ಹೇಳಿದ್ದರು. ಕಾಪುವಿನಲ್ಲಿದ್ದ ಅತ್ತೆ ಮಗನನ್ನು ನೋಡಿಕೊಳ್ಳಲು ನಮ್ಮ ಬಾಡಿಗೆ ಮನೆಗೆ ಬಂದು ಕೂತರು. ನಾನು ಕೆಲಸಕ್ಕೆ ಹೋದ ಮೇಲೆ ಅವರಿಬ್ಬರೇ. ಅತ್ತೆ ಎಲೆಅಡಿಕೆ ಮೆಲ್ಲುತ್ತಾ ಜಗಲಿಯಲ್ಲಿ, ಮಗ ಗೋಡೆ ನೋಡುತ್ತಾ ಚಾವಡಿಯಲ್ಲಿ. ನಾನು ಸಂಜೆ ಬಂದು "ಎಂತ ಮಾಡಿದಿರಿ ಇವತ್ತು?" ಎಂದು ಕೇಳಿದರೆ "ಎಂತ ಉಂಟು ಮಾಡಲಿಕ್ಕೆ?" ಎನ್ನುತ್ತಿದ್ದರು. ಅಷ್ಟೇ ಮಾತು.

ಗಲ್ಫಿನಿಂದ ಬಂದವರ ಪೆಟ್ಟಿಗೆಯಲ್ಲಿ ಟೇಪ್ ರೆಕಾರ್ಡರ್ ಇರುತ್ತದೆ, ಸೆಂಟು ಇರುತ್ತದೆ. ಇವರ ಪೆಟ್ಟಿಗೆಯ ತಳದಲ್ಲಿ ಇದ್ದದ್ದು ಗಾಳಿ ಊದುವ ಎರಡು ಸಣ್ಣ ಪಂಪು, ರಬ್ಬರ್ ಕೊಳವೆಯ ಸುರುಳಿ, ಗಾಜು ಅಂಟಿಸುವ ಅಂಟಿನ ಟ್ಯೂಬುಗಳು. ಅವರಿದ್ದ ಹೋಟೆಲಿನ ಮುಂಭಾಗದಲ್ಲಿ ಒಂದು ಸಮುದ್ರದ ನೀರಿನ ತೊಟ್ಟಿ ಇತ್ತಂತೆ, ಅದರ ಒಳಗೆ ಜೀವಂತ ಹವಳ. ದೀಪ, ಪಂಪು ಎಲ್ಲ ವಿದ್ಯುತ್ತಿನದಾದ್ದರಿಂದ ಅದರ ಚಾಕರಿ ಇವರ ಪಾಲಿಗೆ ಬಿದ್ದಿತ್ತು. ಒಂದು ಭಾನುವಾರ ಊಟಕ್ಕೆ ಕೂತಾಗ ಇದ್ದಕ್ಕಿದ್ದ ಹಾಗೆ, "ಇಲ್ಲಿಯೂ ಒಂದು ಮಾಡಬಹುದು. ಸಮುದ್ರ ಹತ್ತಿರವೇ ಉಂಟಲ್ವಾ?" ಎಂದರು. ಎಷ್ಟೋ ತಿಂಗಳ ನಂತರ ಅವರ ಬಾಯಿಂದ ಬಂದ ಮೊದಲ ಉದ್ದದ ಮಾತು ಅದು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ.

ಪೂರ್ವದ ಕಿಟಕಿಯ ಬಳಿ ನನ್ನ ಹೊಲಿಗೆ ಯಂತ್ರವಿತ್ತು. ಬಿಸಿಲು ಬೇಕೆಂದು ಅದನ್ನು ಒಳಕೋಣೆಗೆ ಸರಿಸಿ, ಕಲ್ಲು ಕಟ್ಟಿಸಿ, ಅದರ ಮೇಲೆ ತೊಟ್ಟಿ ಇಟ್ಟೆವು. ಗಾಜು ಉಡುಪಿಯಲ್ಲಿ ಕತ್ತರಿಸಿದ್ದು. ಅಂಟಿಸಿದ್ದು ಇವರು, ಕುರ್ಚಿಯಲ್ಲಿ ನೆಟ್ಟಗೆ ಕೂತು. ಗಾಜು ಹಿಡಿದು ನಿಂತದ್ದು ನಾನು ಮತ್ತು ಅತ್ತೆ.

ನೀರು ಕಾಪುವಿನಿಂದ. ರಜೆಯ ದಿನ ಬೆಳಿಗ್ಗೆ ಖಾಲಿ ಕ್ಯಾನುಗಳನ್ನು ಹಿಡಿದು ಉಡುಪಿಗೆ, ಅಲ್ಲಿಂದ ಮಂಗಳೂರಿನ ಬಸ್ಸು ಹತ್ತಿ ಕಾಪುವಿಗೆ. ಇವರ ಸೋದರಮಾವ ಅಲ್ಲಿ ದೋಣಿಗೆ ಹೋಗುತ್ತಿದ್ದರು. ದಡದ ನೀರು ಕೆಸರೆಂದು ಅವರು ದೂರದಿಂದ ತುಂಬಿಸಿ ತಂದು ಕೊಡುತ್ತಿದ್ದರು. ಕಂಡಕ್ಟರನಿಗೆ ಪ್ರತಿ ಸಲವೂ ಅನುಮಾನ.

"ಎಂತ ಅಕ್ಕ ಇದರಲ್ಲಿ? ಸೀಮೆಎಣ್ಣೆಯಾ?"

"ಅಲ್ಲ, ಸಮುದ್ರದ ನೀರು."

"ಎಂತಕ್ಕೆ?"

"ಮನೆಗೆ."

ಅವನು ಮುಚ್ಚಳ ತೆಗೆಸಿ ಮೂಸಿ ನೋಡಿ, ಪಕ್ಕದವರ ಮುಖ ನೋಡಿ, ಟಿಕೆಟ್ ಹರಿದು ಕೊಡುತ್ತಿದ್ದ. ನಾನು ಇಳಿಯುವವರೆಗೆ ಬಸ್ಸಿನಲ್ಲಿ ಅದೇ ಸುದ್ದಿ. ಮೊದಮೊದಲು ನಾಚಿಕೆಯಾಗುತ್ತಿತ್ತು. ಆಮೇಲೆ ನಾಚಿಕೆಪಡಲು ಬೇಕಾದ ತ್ರಾಣವೂ ಉಳಿಯಲಿಲ್ಲ. ಕಿಟಕಿಗೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದೆ.

ಹವಳ ತಂದದ್ದೂ ಆ ಮಾವನೇ. ಕಾಪುವಿನ ದೀಪಸ್ತಂಭದ ಕೆಳಗಿನ ಬಂಡೆಗಳಲ್ಲಿ ನೀರು ಇಳಿದಾಗ ಅಂಗಿಯ ಗುಂಡಿಯಷ್ಟೇ ದೊಡ್ಡ ಹಸಿರು ಹೂಗಳು ಒತ್ತೊತ್ತಾಗಿ ಕಾಣುತ್ತವೆ. ಮೆತ್ತನೆಯ ಹವಳದ ಜಾತಿ. ಅದಿದ್ದ ಒಂದು ಕಲ್ಲು, ಮತ್ತೆ ಬಲೆಗೆ ಸಿಕ್ಕಿ ಬಂದ ಮುಷ್ಟಿ ಗಾತ್ರದ ಗಟ್ಟಿ ಹವಳ ಒಂದು. ತೆಗೆಯಬಾರದು ಎಂಬ ಯೋಚನೆ ಆ ಕಾಲದಲ್ಲಿ ಯಾರಿಗೂ ಇರಲಿಲ್ಲ. ಬಕೆಟ್ಟಿನಲ್ಲಿ ಮುಳುಗಿಸಿ ತಂದು ತೊಟ್ಟಿಗೆ ಇಳಿಸಿದಾಗ ಎರಡೂ ಬರೀ ಕಲ್ಲಿನಂತೆ ಕೂತಿದ್ದವು. ಮರುದಿನ ಬೆಳಿಗ್ಗೆ ಬಿಸಿಲು ಬಿದ್ದು ಸ್ವಲ್ಪ ಹೊತ್ತಾದ ಮೇಲೆ ಹಸಿರು ಗುಂಡಿಗಳು ಒಂದೊಂದಾಗಿ ಬಿಚ್ಚಿಕೊಂಡವು. ಗಟ್ಟಿ ಹವಳದ ಮೈಮೇಲೆ ನವಿರಾದ ಎಳೆಗಳು ಎದ್ದವು. ಇವರು ಹಲ್ಲುಜ್ಜುವ ಬ್ರಶ್ ಬಾಯಲ್ಲೇ ಇಟ್ಟುಕೊಂಡು ನೋಡುತ್ತಾ ನಿಂತಿದ್ದರು. ಅತ್ತೆ ಅಡಿಗೆಮನೆಯಿಂದ ಇಣುಕಿ ಮೆಲ್ಲಗೆ ನನಗೆ ಹೇಳಿದರು: "ನೋಡು, ನಗಾಡುತ್ತಾನೆ."

ಆ ನಗುವಿಗೋಸ್ಕರ ನಾನು ಎಷ್ಟು ನೀರು ಹೊತ್ತೆನೋ ದೇವರಿಗೇ ಗೊತ್ತು.

ಮೊದಲ ತೊಂದರೆ ಬಂದದ್ದು ಹೂವಿನ ರೂಪದಲ್ಲಿ. ಕಲ್ಲಿನ ಸಂದಿಯಲ್ಲಿ ಒಂದು ಕಂದು ಬಣ್ಣದ ಸಣ್ಣ ಹೂ ಕಾಣಿಸಿತು. ಉದ್ದನೆಯ ಎಸಳು, ತೆಳ್ಳಗಿನ ಕಾಂಡ. ಇನ್ನೊಂದು ಹವಳ ಹುಟ್ಟಿತೆಂದು ನಾವು ಖುಷಿಪಟ್ಟೆವು. ಕೆಲವು ವಾರಗಳಲ್ಲಿ ಅದು ನಾಲ್ಕಾಯಿತು, ಆಮೇಲೆ ಲೆಕ್ಕ ತಪ್ಪಿತು. ಅದರ ಎಸಳು ತಾಗಿದ ಕಡೆ ಹಸಿರು ಗುಂಡಿಗಳು ಮುದುರಿ ಕರಗುತ್ತಿದ್ದವು. ಇವರಿಗೆ ಆಗ ನೆನಪಾಯಿತು, ಹೋಟೆಲಿನ ತೊಟ್ಟಿಯಲ್ಲೂ ಇದು ಬಂದಿತ್ತು, ಹವಳವನ್ನು ಚುಚ್ಚಿ ಸಾಯಿಸುವ ಜಾತಿ. ಬ್ಲೇಡಿನಿಂದ ಕೆರೆದು ತೆಗೆಯಲು ನನಗೆ ಹೇಳಿದರು. ಕೆರೆದೆ. ಹದಿನೈದು ದಿನದಲ್ಲಿ ಕೆರೆದ ಚೂರು ಚೂರೂ ಹೊಸ ಹೂವಾಗಿ ತೊಟ್ಟಿಯ ಎಲ್ಲ ಮೂಲೆಗಳಲ್ಲಿ ನಿಂತಿತು. ಬೆಳ್ಮಣ್ಣಿನ ನಮ್ಮ ತವರಿನ ಗದ್ದೆಯಲ್ಲಿ ಕಳೆ ಕಿತ್ತವಳು ನಾನು. ಕಿತ್ತರೆ ಹೆಚ್ಚುವ ಕಳೆಯನ್ನು ಮೊದಲ ಸಲ ಕಂಡದ್ದು ಇಲ್ಲಿ.

ಅದರ ಹಿಂದೆಯೇ ಹುಳ ಬಂತು. ಹಸಿರು ಗುಂಡಿಗಳು ಎರಡು ದಿನ ಬಿಚ್ಚಿಕೊಳ್ಳಲೇ ಇಲ್ಲ. ನೀರು ಬದಲಿಸಿದೆವು, ಬಿಚ್ಚಲಿಲ್ಲ. ಬೆಳಗಿನ ಜಾವ ಬೆಳಕು ಬೀಳುವ ಮುಂಚೆ ಟಾರ್ಚ್ ಹಿಡಿದು ನೋಡಿದಾಗ ಒಂದು ಗುಂಡಿ ನಡೆಯುತ್ತಿತ್ತು! ಕಣ್ಣುಜ್ಜಿ ನೋಡಿದೆ. ಚಿಪ್ಪಿಲ್ಲದ ಬಸವನಹುಳು. ಅದರ ಬೆನ್ನಿನ ಮೇಲೆ ಆ ಹವಳದ್ದೇ ಬಣ್ಣದ, ಆ ಹವಳದ್ದೇ ಎಸಳಿನ ಕುಚ್ಚುಗಳು. ತಿಂದ ಅನ್ನದ ವೇಷವನ್ನೇ ಹಾಕಿಕೊಂಡು ಅನ್ನದ ನಡುವೆ ಕೂತಿತ್ತು. ಗುಂಡಿಗಳ ಬುಡದಲ್ಲಿ ಅದರ ಮೊಟ್ಟೆಗಳು, ಬಿಳಿ ದಾರದ ಸುರುಳಿಯ ಹಾಗೆ.

ಅಲ್ಲಿಂದ ನನ್ನ ಸಂಜೆಗಳು ಮುಗಿದವು. ಇವರಿಗೆ ಬಾಗಲು ಆಗುವುದಿಲ್ಲ. ಅತ್ತೆಗೆ ಕಣ್ಣು ಮಂಜು. ಲ್ಯಾಬಿನಿಂದ ಬಂದು, ಕಾಫಿ ಕುಡಿದು, ಚಿಮಟ ಹಿಡಿದು ತೊಟ್ಟಿಯ ಮುಂದೆ ಕೂರುವುದು. ಕಲ್ಲನ್ನು ಬಾವಿಯ ಸಿಹಿನೀರಿನ ಬಕೆಟ್ಟಿನಲ್ಲಿ ಒಂದು ಕ್ಷಣ ಅದ್ದಿ ಅಲ್ಲಾಡಿಸಿದರೆ ಹುಳಗಳು ಉದುರುತ್ತವೆ ಎಂದು ಇವರು ಹೇಳಿದರು. ಉದುರಿದವು. ಮೊಟ್ಟೆಗಳು ಉದುರಲಿಲ್ಲ. ಅವನ್ನು ಸೂಜಿಯಿಂದ ಎಬ್ಬಿಸಿ ತೆಗೆಯಬೇಕು. ಇವರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು ಅಪ್ಪಣೆ ಕೊಡುತ್ತಿದ್ದರು. "ಎಡಕ್ಕೆ. ಇನ್ನೂ ಸ್ವಲ್ಪ ಕೆಳಗೆ. ಅದಲ್ಲ, ಅದಲ್ಲ, ಅದರ ಹಿಂದಿನದು."

ಒಮ್ಮೆ ನನಗೆ ರೇಗಿತು. ಚಿಮಟವನ್ನು ನೀರಿನಲ್ಲೇ ಬಿಟ್ಟು, "ಬೆಳಿಗ್ಗೆಯಿಂದ ಕಂಡವರ ಹೊಟ್ಟೆಯ ಹುಳ ನೋಡಿ ಬಂದಿದ್ದೇನೆ. ಮನೆಯಲ್ಲಿಯೂ ಹುಳವೇ. ನನಗೆ ಸಾಕಾಯಿತು" ಎಂದೆ.

ಅವರು ತೊಟ್ಟಿಯನ್ನೇ ನೋಡುತ್ತಾ, "ನಾನು ಬಿದ್ದದ್ದು ಇಂಥದ್ದರ ಎದುರಿನಲ್ಲೇ" ಎಂದರು.

ಏಣಿಯಿಂದ ಬಿದ್ದದ್ದು ಎಂದಷ್ಟೇ ನನಗೆ ತಿಳಿದಿತ್ತು. ಎಲ್ಲಿ, ಹೇಗೆ ಎಂದು ಅವರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಹೋಟೆಲಿನ ಆ ತೊಟ್ಟಿಯ ಮೇಲಿನ ದೀಪ ಬದಲಿಸುವಾಗ ಏಣಿ ಜಾರಿತಂತೆ. ಬಿದ್ದವರಿಗೆ ಎದ್ದೇಳಲು ಆಗಲಿಲ್ಲ. ಜನ ಬರುವವರೆಗೆ ನೆಲದಲ್ಲಿ ಅಂಗಾತ ಬಿದ್ದು, ಪಕ್ಕದ ಗಾಜಿನ ಒಳಗೆ ಆ ಹವಳಗಳು ಆಡುವುದನ್ನು ನೋಡುತ್ತಿದ್ದರಂತೆ. "ಕಾಲು ಉಂಟೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಅದು ಮಾತ್ರ ಕಾಣುತ್ತಿತ್ತು. ಅದನ್ನೇ ನೋಡುತ್ತಾ ಇದ್ದೆ, ಅದಕ್ಕೇ ಹೆದರಲಿಲ್ಲ."

ನಾನು ನೀರಿಗೆ ಕೈಹಾಕಿ ಚಿಮಟ ಹುಡುಕಿದೆ. "ಎಲ್ಲಿ, ಎಡಕ್ಕಾ?" ಎಂದು ಕೇಳಿದೆ. "ಹ್ಞಾಂ, ಎಡಕ್ಕೆ" ಎಂದರು. ಆ ದಿನದಿಂದ ಹುಳ ಹೆಕ್ಕುವ ಹೊತ್ತೇ ನಮಗೆ ಮಾತಿನ ಹೊತ್ತಾಯಿತು. ಒಬ್ಬರ ಮುಖ ಒಬ್ಬರು ನೋಡದೆ ಗಾಜು ನೋಡುತ್ತಾ ಕೂತದ್ದರಿಂದ ಮಾತು ಸುಲಭವಾಯಿತೋ ಏನೋ. ಬಹರೈನಿನ ಧಗೆ, ಒಂದೇ ಕೋಣೆಯಲ್ಲಿ ಮಲಗುತ್ತಿದ್ದವರ ಗೊರಕೆ, ನಾನು ಒಬ್ಬಳೇ ಇದ್ದ ವರ್ಷಗಳಲ್ಲಿ ಇಲ್ಲಿ ಏನಾಯಿತು, ಎಲ್ಲ ಬಂತು. ಮೈ ದಣಿದಿರುತ್ತಿತ್ತು, ಕುತ್ತಿಗೆ ಸೆಟೆದಿರುತ್ತಿತ್ತು, ಉಪ್ಪುನೀರಿಗೆ ಬೆರಳ ಸಂದಿ ಒಡೆದು ಉರಿಯುತ್ತಿತ್ತು. ಆದರೂ ಕೂತಿರುತ್ತಿದ್ದೆ.

ಕಂದು ಹೂಗಳಿಗೆ ಮದ್ದು ಸಿಕ್ಕಿದ್ದು ಅತ್ತೆಯ ಎಲೆಯ ಹರಿವಾಣದಲ್ಲಿ. ಹೋಟೆಲಿನಲ್ಲಿ ಅದಕ್ಕೆ ಎಂಥದೋ ಬಿಳಿ ಹಿಟ್ಟು ಕಲಸಿ ಚುಚ್ಚುತ್ತಿದ್ದರು, ಸುಣ್ಣವೇ ಇರಬೇಕು ಎಂದು ಇವರಿಗೆ ಮಸುಕಾದ ನೆನಪು. ಅತ್ತೆಯ ಡಬ್ಬಿಯಿಂದ ಎಲೆಗೆ ಹಚ್ಚುವ ಸುಣ್ಣ ತೆಗೆದು, ನೀರು ಸೇರಿಸಿ ತೆಳ್ಳಗೆ ಮಾಡಿ, ಲ್ಯಾಬಿನಲ್ಲಿ ಬಿಸಾಡಲು ಇಟ್ಟಿದ್ದ ಹಳೆಯ ಗಾಜಿನ ಸಿರಿಂಜನ್ನು ಕುದಿಸಿ ತಂದು, ಹೂವಿನ ನಡುವಿನ ಬಾಯಿಗೆ ಒಂದು ತೊಟ್ಟು ಬಿಟ್ಟೆ. ಹೂ ಅದನ್ನು ಅನ್ನವೆಂದುಕೊಂಡು ನುಂಗಿ, ಮುದುರಿ, ಮರುದಿನಕ್ಕೆ ಲೋಳೆಯಾಗಿ ಹೋಗಿತ್ತು. ಅತ್ತೆಗೆ ಬಹಳ ಹೆಮ್ಮೆ. "ನನ್ನ ಸುಣ್ಣ ನನ್ನ ಹಲ್ಲು ತಿಂದಿತು, ನಿಮ್ಮ ಹೂ ಎಷ್ಟರದ್ದು?" ಎಂದರು. ದಿನಕ್ಕೆ ಕೆಲವಕ್ಕೆ ಮಾತ್ರ ಕೊಡಬೇಕು, ಹೆಚ್ಚಾದರೆ ನೀರೇ ಕೆಡುತ್ತದೆ ಎಂದು ನಾವು ನೋಡಿ ಕಲಿತೆವು. ಆ ಬೇಸಿಗೆಯಲ್ಲಿ ಹವಳ ಚೆನ್ನಾಗಿ ಬೆಳೆಯಿತು.

ಮಳೆಗಾಲ ನಮ್ಮ ಶತ್ರು. ಆಟಿಯ ಜಡಿಮಳೆಯ ತಿಂಗಳಲ್ಲಿ ಸಮುದ್ರಕ್ಕೆ ದೋಣಿ ಇಳಿಯುವುದಿಲ್ಲ. ಹೊಳೆಯ ಕೆಂಪು ನೀರು ಸೇರಿ ದಡದ ನೀರಿಗೆ ಉಪ್ಪೇ ಇರುವುದಿಲ್ಲ. ಅದಕ್ಕೆಂದೇ ಮೇ ತಿಂಗಳಲ್ಲಿ ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ ನೀರು ತುಂಬಿಸಿ ಇಡುತ್ತಿದ್ದೆವು. ಕರೆಂಟು ಹೋದಾಗ ಪಂಪು ನಿಂತು, ನೀರಿಗೆ ಗಾಳಿ ಸೇರಲೆಂದು ಇವರು ಕುರ್ಚಿಯಲ್ಲಿ ಕೂತು ಸೌಟಿನಿಂದ ನೀರು ಎತ್ತಿ ಎತ್ತಿ ಹೊಯ್ಯುತ್ತಿದ್ದರು. ಅಂಥ ಒಂದು ಮಳೆಯ ಮಧ್ಯಾಹ್ನ, ನಾನು ಲ್ಯಾಬಿನಲ್ಲಿರುವಾಗ, ನನಗೆ ಸಂಜೆಯ ಕೆಲಸ ಕಡಿಮೆಯಾಗಲಿ ಎಂದು ಇವರೇ ಸುಣ್ಣ ಕಲಸಿ ಚುಚ್ಚಲು ಕೂತರು. ಬಾಗದೆ ಮೇಲಿನಿಂದ ಚುಚ್ಚಲು ಹೋಗಿ ಕೈ ತಪ್ಪಿತು. ಸುಣ್ಣದ ಬಟ್ಟಲೇ ತೊಟ್ಟಿಗೆ ಮಗುಚಿತು.

ನಾನು ಕೊಡೆ ಮಡಚಿ ಒಳಗೆ ಬರುವಾಗ ತೊಟ್ಟಿ ಹಾಲಿನ ಹಾಗೆ ಬೆಳ್ಳಗೆ. ಇವರು ತೊಟ್ಟಿಯ ಮುಂದೆ ನಿಂತಿದ್ದರು. ಎರಡೂ ಕೈಗಳಲ್ಲಿ, ಎದೆಗೆ ಒತ್ತಿ, ಹಸಿರು ಗುಂಡಿಗಳ ಆ ದೊಡ್ಡ ಕಲ್ಲು. ಅಂಗಿಯೆಲ್ಲ ಒದ್ದೆ. ಡ್ರಮ್ಮಿನ ಮುಚ್ಚಳ ತೆಗೆಯಲು ಅತ್ತೆ ಹೆಣಗುತ್ತಿದ್ದರು.

"ಕಲ್ಲು ಯಾರು ಎತ್ತಿದ್ದು?" ಎಂದೆ.

"ಎತ್ತಿ ಆಯಿತು. ನೀನು ಬೇಗ ನೀರು ಹಾಕು ಮಾರಾಯ್ತಿ, ನನಗೆ ಇಡಲಿಕ್ಕೆ ಆಗುವುದಿಲ್ಲ."

ಬಾಗಿ ಎತ್ತಿದ್ದರು. ಎತ್ತಿದ ಮೇಲೆ ಬಾಗಲು ಧೈರ್ಯ ಬಾರದೆ ಹಾಗೆಯೇ ನಿಂತಿದ್ದರು. ನಾನು ಬಕೆಟ್ಟಿಗೆ ಡ್ರಮ್ಮಿನ ನೀರು ಸುರಿದು, ಕಲ್ಲನ್ನು ಅವರ ಕೈಯಿಂದ ತೆಗೆದುಕೊಂಡು ಇಳಿಸಿದೆ. ತೊಟ್ಟಿಯಲ್ಲೇ ಉಳಿದಿದ್ದ ಗಟ್ಟಿ ಹವಳ ಸತ್ತುಹೋಯಿತು. ಎರಡು ದಿನದಲ್ಲಿ ಅದರ ಮೈಯ ಮಾಂಸ ಕಳಚಿ ಬಿಳಿ ಎಲುಬು ಉಳಿಯಿತು. ಹಸಿರು ಗುಂಡಿಗಳಲ್ಲಿ ಅರ್ಧ ಬದುಕಿದವು. ಇವರು ಒಂದು ವಾರ ಹಾಸಿಗೆ ಹಿಡಿದರು. ಡಾಕ್ಟರು ನೋಡಿ, ಬೈದು, ಆಮೇಲೆ, "ಅಷ್ಟು ಭಾರ ಎತ್ತಿಯೂ ಏನೂ ಆಗಿಲ್ಲ ಎಂದರೆ ನೀವು ಇನ್ನು ನಡೆದಾಡುವುದು ಒಳ್ಳೆಯದು. ಹೆದರಿ ಕೂತದ್ದು ಜಾಸ್ತಿಯಾಯಿತು" ಎಂದರು.

ಅಲ್ಲಿಂದ ಅವರು ಚೇತರಿಸಿಕೊಂಡರು. ಮೊದಲು ಮನೆಯ ಸುತ್ತ, ಆಮೇಲೆ ಬಸ್ ನಿಲ್ದಾಣದ ತನಕ. ವರ್ಷ ಕಳೆಯುವಷ್ಟರಲ್ಲಿ ಕಾರ್ಕಳದ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಬೆಲ್ಟ್ ಬಿಚ್ಚಿ ಅಟ್ಟಕ್ಕೆ ಹಾಕಿದರು. ಅತ್ತೆ ಹರಿವಾಣ ಎತ್ತಿಕೊಂಡು ಕಾಪುವಿಗೆ ವಾಪಸು ಹೋದರು. ಬೆಳಿಗ್ಗೆ ಏಳರ ಬಸ್ಸಿಗೆ ಹೋದ ಗಂಡ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಬಂದವರು ತೊಟ್ಟಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಮೊದಲು ದಣಿವು ಎಂದುಕೊಂಡೆ. ತಿಂಗಳುಗಳಾದವು. ಕುರ್ಚಿ ಅಲ್ಲಿಯೇ ಇತ್ತು, ಅವರು ಕೂರುತ್ತಿರಲಿಲ್ಲ. ಹುಳ ಮಾತ್ರ ಇತ್ತು. ಮೊಟ್ಟೆ ಇತ್ತು. ಕಂದು ಹೂ ಇತ್ತು. ಹತ್ತು ಗುಂಡಿ ಹೊಸದಾಗಿ ಹುಟ್ಟಿದರೆ ಹದಿನೈದನ್ನು ಹುಳ ತಿನ್ನುತ್ತಿತ್ತು. ನಾನು ಒಬ್ಬಳೇ ಕೂತು ಚಿಮಟ ಆಡಿಸುತ್ತಿದ್ದೆ. ಕಾಪುವಿನ ನೀರನ್ನೂ ನಾನೇ ತರುತ್ತಿದ್ದೆ. ಒಂದು ರಾತ್ರಿ ಊಟದ ಹೊತ್ತಿಗೆ ನನ್ನ ಕೈ ನೋಡಿ ಅವರು, "ಅಷ್ಟು ಕಷ್ಟ ಆದರೆ ಬಿಟ್ಟುಬಿಡು" ಎಂದರು.

"ಬಿಡುವುದು ಎಂದರೆ? ತಂದದ್ದು ಯಾರು?"

"ತಂದದ್ದು ನಾನು. ಈಗ ನನಗೆ ಬೇಡ."

"ಅದಕ್ಕೆ ಜೀವ ಉಂಟಲ್ಲ. ನಿಮಗೆ ಬೇಡವಾದ ಕೂಡಲೇ ಅದು ಕಲ್ಲಾಗುತ್ತದಾ?"

ಅವರು ಎದ್ದು ಕೈತೊಳೆದರು. ಅವರು ಗುಣವಾದದ್ದಕ್ಕೆ ದೇವರಿಗೆ ಕೈ ಮುಗಿಯಬೇಕಾದ ನಾನು, ಅವರು ಕಾಯಿಲೆಯಲ್ಲಿದ್ದ ಸಂಜೆಗಳನ್ನು ನೆನೆಸಿಕೊಳ್ಳುತ್ತಾ ಹುಳ ಹೆಕ್ಕುತ್ತಿದ್ದೆ. ಇದನ್ನು ಯಾರಲ್ಲಿ ಹೇಳುವುದು?

ಆ ವರ್ಷ ಮಳೆ ಬಿಟ್ಟ ಮೇಲೆ ನನಗೆ ಕಾಮಾಲೆಯಾಯಿತು. ಅಮ್ಮ ಬಂದು ಬೆಳ್ಮಣ್ಣಿಗೆ ಕರೆದುಕೊಂಡು ಹೋದರು. ನೆಲನೆಲ್ಲಿ ಅರೆದ ಮಜ್ಜಿಗೆ, ಉಪ್ಪಿಲ್ಲದ ಗಂಜಿ, ಇಡೀ ದಿನ ನಿದ್ದೆ. ಇವರು ವಾರಕ್ಕೊಮ್ಮೆ ಕಾರ್ಕಳದಿಂದ ಹಾಗೇ ಬಂದು ನೋಡಿಕೊಂಡು ಹೋಗುತ್ತಿದ್ದರು. ತೊಟ್ಟಿಯ ಸುದ್ದಿ ಅವರು ಎತ್ತಲಿಲ್ಲ. ನನಗೂ ಕೇಳುವ ಶಕ್ತಿ ಇರಲಿಲ್ಲ.

ಮಣಿಪಾಲಕ್ಕೆ ಮರಳಿದ ದಿನ ಬಾಗಿಲು ತೆಗೆದು ಒಳಗೆ ಹೋದಾಗ ಪಂಪು ಓಡುತ್ತಿತ್ತು. ತೊಟ್ಟಿಯಲ್ಲಿ ಒಂದು ಹಸಿರು ಗುಂಡಿಯೂ ಇರಲಿಲ್ಲ. ಕಲ್ಲು, ಗಾಜು, ಕೊಳವೆ, ಸತ್ತ ಹವಳದ ಬಿಳಿ ಎಲುಬು, ಎಲ್ಲದರ ಮೇಲೂ ಕಂದು ಹೂ. ಗಾಳಿಯ ಗುಳ್ಳೆಗಳಿಗೆ ಎಲ್ಲ ಒಟ್ಟಿಗೆ ಬಾಗಿ ಏಳುತ್ತಿದ್ದವು, ಗದ್ದೆಯ ಪೈರಿನ ಹಾಗೆ.

"ದಿನಾ ಇಳಿದಷ್ಟು ನೀರು ಹಾಕಿದ್ದೇನೆ" ಎಂದರು ಇವರು ಬಾಗಿಲಲ್ಲೇ ನಿಂತು. "ಮತ್ತೆ ಎಂತದೂ ಮಾಡಲಿಲ್ಲ. ಒಬ್ಬನೇ ಅದರ ಮುಂದೆ ಕೂತರೆ ನನಗೆ ಬಿದ್ದದ್ದೇ ನೆನಪಾಗುತ್ತದೆ. ಆ ಬೆಲ್ಟ್ ನೆನಪಾಗುತ್ತದೆ. ನಿನ್ನ ಕೈಯಿಂದ ಚಪ್ಪಲಿ ಹಾಕಿಸಿಕೊಂಡದ್ದು ನೆನಪಾಗುತ್ತದೆ. ಕೂರಲಿಕ್ಕೆ ಆಗುವುದಿಲ್ಲ ನನಗೆ."

ನನಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಬೆಳ್ಮಣ್ಣಿನಿಂದ ಬಸ್ಸಿನಲ್ಲಿ ಬಂದದ್ದಕ್ಕೇ ಸುಸ್ತಾಗಿತ್ತು. ಕುರ್ಚಿ ಎಳೆದು ಕೂತೆ. "ಮೊದಲೇ ಹೇಳಬಹುದಿತ್ತಲ್ಲ" ಎಂದೆ. "ಹೇಳಲಿಕ್ಕೆ ನಾಚಿಕೆ" ಎಂದರು. ನಾನು ಆ ಕುರ್ಚಿಯಲ್ಲಿ, ಅವರು ಹೊಸಿಲ ಮೇಲೆ.

ಮತ್ತೆ ಚಿಮಟ ಮುಟ್ಟಲಿಲ್ಲ. ಕಂದು ಹೂಗಳನ್ನು ಅವುಗಳ ಪಾಡಿಗೆ ಬಿಟ್ಟೆ. ಅವಕ್ಕೆ ನಾನು ಏನೂ ಮಾಡಬೇಕಾಗಿರಲಿಲ್ಲ. ಎಂದಾದರೊಮ್ಮೆ ಒಂದು ಚೂರು ಸಿಗಡಿ ಹಾಕಿದರೆ ಸಾಕು. ಒಮ್ಮೆ ಲ್ಯಾಬಿನ ಗೆಳತಿಯೊಬ್ಬಳು ಮನೆಗೆ ಬಂದವಳು ಗಾಜಿಗೆ ಮುಖವಿಟ್ಟು, "ಎಷ್ಟು ಚಂದ ಉಂಟು! ಇದಕ್ಕೇ ಅಲ್ವಾ ನೀನು ಅಷ್ಟು ಕಷ್ಟಪಡುತ್ತಿದ್ದದ್ದು?" ಎಂದಳು. ಹೌದು ಎಂದೆ. ವಿವರಿಸಲು ಮನಸ್ಸಾಗಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಎರಡನೆಯ ಪಂಪೂ ಕೆಟ್ಟಿತು. ಇವರು ಬಿಚ್ಚಿ ನೋಡಿ, ಒಳಗಿನ ರಬ್ಬರು ಹರಿದಿದೆ, ಇಲ್ಲಿ ಸಿಗುವುದಿಲ್ಲ ಎಂದರು. ಒಂದು ರಜೆಯ ದಿನ ಕಲ್ಲನ್ನು ಬಕೆಟ್ಟಿನಲ್ಲಿ ಮುಳುಗಿಸಿಕೊಂಡು ಅವರೇ ಮೊದಲ ಬಸ್ಸಿಗೆ ಕಾಪುವಿಗೆ ಹೋಗಿ, ಬಂಡೆಗಳ ಸಂದಿಯಲ್ಲಿ ಇಟ್ಟು ಬಂದರು. ಬಂದ ಮೇಲೆ ಇಬ್ಬರೂ ಸೇರಿ ತೊಟ್ಟಿಯ ನೀರನ್ನು ಕೊಡಪಾನದಲ್ಲಿ ಹೊತ್ತು ಅಂಗಳದ ತೆಂಗಿನ ಬುಡಗಳಿಗೆ ಸುರಿದೆವು. ತೆಂಗಿಗೆ ಉಪ್ಪು ಒಳ್ಳೆಯದೇ. ಭಾರದ ಕೊಡಪಾನಗಳನ್ನು ಅವರು ತೆಗೆದುಕೊಂಡರು, ನನಗೆ ಚೊಂಬು ಬಕೆಟ್ಟು ಬಿಟ್ಟರು.

ಕೆಲಸ ಮುಗಿದಾಗ ಇನ್ನೂ ಬಿಸಿಲಿತ್ತು. ಸ್ವಲ್ಪ ಕಾಲು ಚಾಚುತ್ತೇನೆ ಎಂದು ಚಾಪೆಯ ಮೇಲೆ ಒರಗಿದವಳಿಗೆ ಎಚ್ಚರವಾದದ್ದು ಮರುದಿನ ಬೆಳಿಗ್ಗೆ. ಮೈಮೇಲೆ ಹೊದಿಕೆ ಇತ್ತು. ಅಡಿಗೆಮನೆಯಲ್ಲಿ ಗಂಜಿಯೂ ಹುರಿದ ಒಣಮೀನೂ ಮುಚ್ಚಿಟ್ಟಿದ್ದವು. ಇವರು ಏಳರ ಬಸ್ಸಿಗೆ ಹೋಗಿ ಆಗಿತ್ತು. ನನ್ನನ್ನು ಎಬ್ಬಿಸಿರಲಿಲ್ಲ.